ಬಿ.ಡಿ. ಜತ್ತಿಯವರು: ಶಾಸನಸಭೆಯಲ್ಲೊಬ್ಬ ಬಸವಭಕ್ತ

ಬಸಪ್ಪ ದಾನಪ್ಪ ಜತ್ತಿಯವರು 1912ರ ಸೆಪ್ಟೆಂಬರ್ 10ರಂದು ಸಾವಳಗಿಯಲ್ಲಿ ಜನಿಸಿದರು. ಸಾವಳಗಿ ಎಂದೊಡನೆ ಹತ್ತರಗಿ, ಹುಕ್ಕೇರಿ, ಗೋಕಾಕ ಭಾಗದ ಭಕ್ತರಿಗೆ ಶ್ರೀ ಶಿವಲಿಂಗೇಶ್ವರ ಪೀಠವಿರುವ ಗೋಕಾಕ ತಾಲ್ಲೂಕಿನ ಸಾವಳಗಿ ನೆನಪಾಗುವುದು ಸಹಜ. ಇದು ಬೇರೆ ಊರು. ಜಮಖಂಡಿ ತಾಲ್ಲೂಕಿಗೆ ಸೇರಿದ್ದು, ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆ ಕಾಲಕ್ಕೆ ಜಮಖಂಡಿ ಪಟವರ್ಧನ ಮನೆತನದವರು ಆಳುತ್ತಿದ್ದ ಪುಟ್ಟ ಸಂಸ್ಥಾನ. ಗೋಕಾಕ ಮತ್ತು ಹುಕ್ಕೇರಿ ಸೀಮೆಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ಒಂದೇ ಭಾಷೆ, ಒಂದೇ ಆಚಾರ, ಬೀಗತನದ ಸಂಬಂಧಗಳು ಇದ್ದರೂ ಆಡಳಿತ ಬೇರೆ ಬೇರೆಯಾಗಿತ್ತು. ಈ ಹಂಚಿಹೋದ ನಾಡಿನಲ್ಲಿ ಹುಟ್ಟಿದ ಕಿರಾಣಿ ವ್ಯಾಪಾರಿಯ ಮಗ ಮೂರು ಶಾಸನಸಭೆಗಳಲ್ಲಿ ಕುಳಿತು, ಕೊನೆಗೆ ದೇಶದ ಅತ್ಯುನ್ನತ ಪೀಠದ ಹೊಣೆಯನ್ನೂ ಕೆಲವು ತಿಂಗಳು ಹೊತ್ತರು.

ತಂದೆ ದಾನಪ್ಪನವರದು ಸಾಧಾರಣ ಸಂಸಾರ. ಅಂದಿನ ರೂಢಿಯಂತೆ ಹತ್ತು ವರ್ಷ ತುಂಬುವ ಹೊತ್ತಿಗೇ ಬಸಪ್ಪನವರಿಗೆ ಸಂಗಮ್ಮನವರೊಡನೆ ವಿವಾಹವಾಯಿತು. ಸಾವಳಗಿಯ ಕನ್ನಡ ಶಾಲೆಯ ನಂತರ ವಿಜಾಪುರದ ಸಿದ್ಧೇಶ್ವರ ಹೈಸ್ಕೂಲು, ಅಲ್ಲಿಂದ ಮುಂದೆ ಕೊಲ್ಹಾಪುರ. ರಾಜಾರಾಮ ಕಾಲೇಜಿನಲ್ಲಿ ಪದವಿ ಪಡೆದು, ಅಲ್ಲಿಯ ಸೈಕ್ಸ್ ಲಾ ಕಾಲೇಜಿನಲ್ಲಿ ಕಾನೂನು ಓದಿದರು. ಕರ್ನಾಟಕದ ಈ ಮೂಲೆಯಿಂದ ಉನ್ನತ ವಿದ್ಯೆ ಬಯಸಿ ಹೊರಟ ಅನೇಕ ಲಿಂಗಾಯತ ತರುಣರಿಗೆ ಆಗ ಕೊಲ್ಹಾಪುರವೇ ಹತ್ತಿರದ ಆಸರೆಯಾಗಿತ್ತು. ಶಾಹೂ ಮಹಾರಾಜರ ಕಾಲದಿಂದ ಆ ನಗರದಲ್ಲಿ ಬೆಳೆದು ಬಂದಿದ್ದ ಸಾಮಾಜಿಕ ಸಮಾನತೆಯ ಗಾಳಿಯು ಅಲ್ಲಿ ಓದಿದವರನ್ನು ತಟ್ಟದೆ ಇರುವುದು ಕಷ್ಟವೇ.

ಓದು ಮುಗಿಸಿ ಜಮಖಂಡಿಗೆ ಮರಳಿದ ಜತ್ತಿಯವರು ವಕೀಲಿ ಆರಂಭಿಸಿದರು. 1940ರಲ್ಲಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅದರ ಅಧ್ಯಕ್ಷರಾದರು. ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾಗಿ ಮಂತ್ರಿಯಾದರು; 1948ರಲ್ಲಿ ದಿವಾನರೂ ಆದರು. ರಾಜರಾದ ಶಂಕರರಾವ್ ಪಟವರ್ಧನರೊಡನೆ ಅವರ ಸಂಬಂಧ ಸೌಹಾರ್ದದ್ದಾಗಿತ್ತು. ಹಲವು ಸಂಸ್ಥಾನಗಳಲ್ಲಿ ಪ್ರಜೆಗಳಿಗೂ ಅರಸರಿಗೂ ನಡುವೆ ಕಲಹವೆದ್ದಿದ್ದ ಆ ದಿನಗಳಲ್ಲಿ, 1948ರ ಮಾರ್ಚ್‌ನಲ್ಲಿ ಜಮಖಂಡಿಯು ಶಾಂತವಾಗಿ ಭಾರತ ಒಕ್ಕೂಟದಲ್ಲಿ ಲೀನವಾಯಿತು. ಸಂಸ್ಥಾನ ಹೋದೊಡನೆ ದಿವಾನಗಿರಿಯೂ ಹೋಯಿತು. ತಮ್ಮ ಪದವಿಯನ್ನು ಇಲ್ಲವಾಗಿಸುವ ಕಾರ್ಯಕ್ಕೆ ತಾವೇ ನೆರವಾದ ಜತ್ತಿಯವರು ಕರಿಕೋಟು ತೊಟ್ಟು ಮತ್ತೆ ಕೋರ್ಟಿಗೆ ನಡೆದರು. ಸುಮಾರು ಇಪ್ಪತ್ತು ತಿಂಗಳು ವಕೀಲಿಯೇ ಅವರ ಜೀವನವಾಗಿತ್ತು.

1949ರಲ್ಲಿ ವಿಲೀನಗೊಂಡ ಪ್ರದೇಶಗಳ ಪ್ರತಿನಿಧಿಯಾಗಿ ಮುಂಬಯಿ ಶಾಸನಸಭೆಗೆ ಅವರ ನಾಮಕರಣವಾಯಿತು. ಮುಖ್ಯಮಂತ್ರಿ ಬಿ.ಜಿ. ಖೇರ್ ಅವರು ಜತ್ತಿಯವರನ್ನು ತಮ್ಮ ಸಂಸದೀಯ ಕಾರ್ಯದರ್ಶಿಯನ್ನಾಗಿ ಮಾಡಿಕೊಂಡರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿಯವರ ಸಂಪುಟದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಯಾದರು. ಖೇರ್ ಸರಕಾರದ ಕಾಲದಲ್ಲಿಯೇ, 1950ರಲ್ಲಿ, ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದತಿಯ ಕಾನೂನು ಬಂದಿತು. ದೇಸಾಯಿ, ದೇಶಪಾಂಡೆ, ಕುಲಕರ್ಣಿ ಎಂಬ ವಂಶಪಾರಂಪರ್ಯದ ಹುದ್ದೆಗಳ ಹಕ್ಕು ಅದರಿಂದ ಕೊನೆಗೊಂಡಿತು. ದೇಸಗತಿಗಳ ನಾಡಾದ ಬೆಳಗಾವಿ ಜಿಲ್ಲೆಯಲ್ಲಿ ಅದೆಷ್ಟು ದೊಡ್ಡ ಬದಲಾವಣೆಯೆಂಬುದನ್ನು ನಮ್ಮ ಹಿರಿಯರು ಬಲ್ಲರು. ಭೂಮಿಯ ಒಡೆತನ ಯಾರದು, ದುಡಿಮೆ ಯಾರದು ಎಂಬ ಪ್ರಶ್ನೆಯನ್ನು ಜತ್ತಿಯವರು ಹತ್ತಿರದಿಂದ ಕಂಡದ್ದು ಈ ಮುಂಬಯಿಯ ವರ್ಷಗಳಲ್ಲಿ. ಮುಂದೆ ಅವರ ರಾಜಕೀಯ ಜೀವನದ ಬಹುಮುಖ್ಯ ಕೆಲಸವೂ ಇದೇ ಪ್ರಶ್ನೆಯನ್ನು ಕುರಿತದ್ದಾಯಿತು.

1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿಯಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯಕ್ಕೆ ಸೇರಿದವು. ಬೆಳಗಾವಿ ಜಿಲ್ಲೆಯ ಚಂದಗಡ ತಾಲ್ಲೂಕು ಮಾತ್ರ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಏಕೀಕರಣದ ಸಂಭ್ರಮದ ನಡುವೆ ಒಕ್ಕಲಿಗರ ಪಾಲಿಗೆ ಒಂದು ತೊಡಕು ಹುಟ್ಟಿಕೊಂಡಿತು. ಇದನ್ನು ಇಂದು ನೆನೆಯುವವರು ಕಡಿಮೆ. ಮುಂಬಯಿ ರಾಜ್ಯವು ತನ್ನ ಗೇಣಿ ಕಾನೂನಿಗೆ 1956ರಲ್ಲಿ ತಿದ್ದುಪಡಿ ತಂದು, 1957ರ ಏಪ್ರಿಲ್ 1ನ್ನು ಉಳುವವನ ದಿನವೆಂದು ನಿಶ್ಚಯಿಸಿತ್ತು. ಆ ದಿನದಿಂದ ಗೇಣಿದಾರನು ತಾನು ಉಳುತ್ತಿದ್ದ ಹೊಲವನ್ನು ಕೊಂಡುಕೊಂಡವನೆಂದೇ ಕಾನೂನು ಭಾವಿಸುವುದು ಅದರ ತಿರುಳು. ಆದರೆ ಆ ದಿನ ಬರುವುದಕ್ಕೆ ಐದು ತಿಂಗಳ ಮೊದಲೇ ನಮ್ಮ ಜಿಲ್ಲೆಗಳು ಮೈಸೂರಿಗೆ ಸೇರಿದ್ದವು. ಹೊಸ ರಾಜ್ಯದಲ್ಲಿ ಹಳೆಯ ಮೈಸೂರಿನ ಕಾನೂನು ಒಂದು, ಹೈದರಾಬಾದ್ ಭಾಗದ್ದು ಮತ್ತೊಂದು, ಮದರಾಸಿನಿಂದ ಬಂದ ದಕ್ಷಿಣ ಕನ್ನಡದ್ದು ಮಗದೊಂದು, ಕೊಡಗಿನದು ಇನ್ನೊಂದು. ಎಲ್ಲಕ್ಕೂ ಸಮನಾದ ಒಂದು ಕಾನೂನು ಆಗುವವರೆಗೆ ಮುಂಬಯಿಯ ಆ ಏರ್ಪಾಡನ್ನು ಇಲ್ಲಿ ತಡೆಹಿಡಿಯಲಾಯಿತು. ಪರಿಣಾಮವೇನೆಂದರೆ, ಗಡಹಿಂಗ್ಲಜದ ಗೇಣಿದಾರನಿಗೆ ದೊರೆತ ಹಕ್ಕು ಸಂಕೇಶ್ವರದ ಗೇಣಿದಾರನಿಗೆ ದೊರೆಯಲಿಲ್ಲ. ಒಂದೇ ಸೀಮೆಯ ಎರಡು ಊರುಗಳ ಮಧ್ಯೆ ಗಡಿಗೆರೆ ಹಾಯ್ದು, ಒಕ್ಕಲಿನ ಭಾಗ್ಯವನ್ನೇ ಬೇರ್ಪಡಿಸಿತು. ಹತ್ತರಗಿಯಿಂದ ಆ ಗಡಿ ಎಷ್ಟು ದೂರ!

ಎಲ್ಲ ಭಾಗಗಳಿಗೂ ಒಪ್ಪುವ ಭೂಸುಧಾರಣೆಯ ಕಾನೂನನ್ನು ರೂಪಿಸಲು 1957ರಲ್ಲಿ ಸರಕಾರವು ಒಂದು ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷತೆ ಜಮಖಂಡಿಯ ಶಾಸಕರಾಗಿದ್ದ ಜತ್ತಿಯವರಿಗೆ ಬಂದಿತು. ಜತ್ತಿ ಸಮಿತಿ ಎಂದೇ ಅದು ಪ್ರಸಿದ್ಧವಾಯಿತು. ಈ ನೇಮಕದ ಭಾರವನ್ನು ಅರಿಯಬೇಕಾದರೆ ಅಂದಿನ ಶಾಸನಸಭೆಯನ್ನು ನೆನೆಯಬೇಕು. ಅಲ್ಲಿ ಕುಳಿತವರಲ್ಲಿ ಭೂಮಾಲೀಕರ ಸಂಖ್ಯೆ ಸಣ್ಣದಾಗಿರಲಿಲ್ಲ. ಲಿಂಗಾಯತ ಸಮಾಜದೊಳಗೂ ನೂರಾರು ಎಕರೆಯ ಗೌಡರಿದ್ದರು, ದೇಸಾಯರಿದ್ದರು. ಅವರ ಹೊಲಗಳನ್ನೇ ಪಾಲಿಗೆ ಮಾಡಿ ಬದುಕುತ್ತಿದ್ದ ಬಡ ಲಿಂಗಾಯತ ಒಕ್ಕಲುಗಳೂ ಇದ್ದವು. ಮಠಗಳಿಗೂ ಭೂಮಿಯಿತ್ತು. ಭೂಮಿಯ ವಿಷಯದಲ್ಲಿ ನ್ಯಾಯ ಹೇಳಹೊರಟವನು ಪರಕೀಯರಿಗಿಂತ ಮೊದಲು ತನ್ನವರನ್ನೇ ಎದುರಿಸಬೇಕಾಗಿತ್ತು. ಹೊಲಮನೆಯ ದೊಡ್ಡಸ್ತಿಕೆಯಿಲ್ಲದ ವ್ಯಾಪಾರಿ ಮನೆಯಿಂದ ಬಂದದ್ದು ಜತ್ತಿಯವರಿಗೆ ಇಲ್ಲಿ ಅನುಕೂಲವೇ ಆಯಿತೆಂದು ಭಾವಿಸಬಹುದು.

ಸಮಿತಿಯ ವರದಿ ಬಂದ ಮರುವರ್ಷವೇ ರಾಜ್ಯ ರಾಜಕೀಯ ತಿರುವು ಪಡೆಯಿತು. ಕಾಂಗ್ರೆಸ್ ಶಾಸಕಾಂಗ ಪಕ್ಷದಲ್ಲಿ ಭಿನ್ನಮತ ಬೆಳೆದು ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ರಾಜೀನಾಮೆಯಿತ್ತರು. ನಾಯಕತ್ವಕ್ಕೆ ಸ್ವಾತಂತ್ರ್ಯ ಹೋರಾಟದ ಹಿರಿಯರಾದ ಟಿ. ಸುಬ್ರಹ್ಮಣ್ಯ ಅವರಂಥವರ ಬಲವಾದ ಸ್ಪರ್ಧೆಯಿತ್ತು. ಆದರೂ ಶಾಸಕರು ಜತ್ತಿಯವರನ್ನು ಆರಿಸಿದರು. 1958ರ ಮೇ 16ರಂದು ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಮೃದುಭಾಷಿ, ಗುಂಪುಗಾರಿಕೆಯಲ್ಲಿ ಅಷ್ಟಾಗಿ ಪಳಗದವರು, ಬಹುದಿನ ಬಾಳಲಾರರು ಎಂದು ಎಣಿಸಿದವರು ಹಲವರಿದ್ದರು. ಅವರು ಆ ಸ್ಥಾನದಲ್ಲಿ 1962ರ ಮಾರ್ಚ್‌ವರೆಗೆ, ಹೆಚ್ಚುಕಡಿಮೆ ನಾಲ್ಕು ವರ್ಷ ಇದ್ದರು.

ಆ ನಾಲ್ಕು ವರ್ಷಗಳಲ್ಲಿ ಆದ ಶಾಸನಗಳನ್ನು ಒಟ್ಟಾಗಿ ನೋಡಿದರೆ ಹಳ್ಳಿಯ ಅಧಿಕಾರದ ಬುಡವೇ ಅಲುಗಿದ್ದು ಕಾಣುತ್ತದೆ. 1959ರಲ್ಲಿ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾನೂನು ಬಂದಿತು. ರಾಜ್ಯದ ಐದು ಭಾಗಗಳ ಬೇರೆ ಬೇರೆ ವ್ಯವಸ್ಥೆಗಳ ಜಾಗದಲ್ಲಿ ಗ್ರಾಮ ಪಂಚಾಯತಿ, ತಾಲ್ಲೂಕು ಮಂಡಳಿ, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಏಕರೂಪದ ಕ್ರಮ ಜಾರಿಗೊಂಡಿತು. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿಯ ಕಾನೂನು ಆಯಿತು. ಇದು ನಮ್ಮ ಊರುಗಳ ಒಳಕ್ಕೇ ಬಂದು ಮುಟ್ಟಿದ ಶಾಸನ. ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದ ಪಾಟೀಲಕಿ ಇನ್ನು ಇಲ್ಲವಾಯಿತು. ಹುಕ್ಕೇರಿ, ಗೋಕಾಕ ತಾಲ್ಲೂಕುಗಳ ಎಷ್ಟೋ ಲಿಂಗಾಯತ ಗೌಡಮನೆತನಗಳು ತಲೆಮಾರುಗಳಿಂದ ಅನುಭವಿಸಿದ ಮರ್ಯಾದೆಯನ್ನು ಲಿಂಗಾಯತ ಮುಖ್ಯಮಂತ್ರಿಯೊಬ್ಬರ ಸರಕಾರವೇ ತೆಗೆದುಹಾಕಿತು. ಜೊತೆಗೆ ತಳವಾರ, ವಾಲೀಕಾರ ಮೊದಲಾದ ಕೆಳಗಿನ ಚಾಕರಿಗಳೂ ರದ್ದಾದವು. ಚಾಕರಿಗೆ ಪ್ರತಿಯಾಗಿ ಬಿಟ್ಟಿದ್ದ ಜಮೀನನ್ನು, ನಿಗದಿಯಾದ ಹಣ ತುಂಬಿಸಿಕೊಂಡು, ಅವರವರ ಹೆಸರಿಗೇ ಮರುಮಂಜೂರು ಮಾಡುವ ದಾರಿ ತೆರೆಯಿತು. ಊರ ಸೇವೆಯ ಹಂಗಿನಿಂದ ಬಿಡಿಸಿಕೊಂಡ ಹೊಲ ಒಬ್ಬ ತಳವಾರನಿಗೆ ಏನು ಅರ್ಥ ಕೊಡುತ್ತದೆಂಬುದನ್ನು ಹುಟ್ಟಿನಿಂದ ಶ್ರೇಷ್ಠತೆಯನ್ನು ಒಪ್ಪದ ಶರಣರ ಮಾರ್ಗದಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. 1963ರ ಫೆಬ್ರವರಿ 1ರಿಂದ ಈ ಕಾನೂನು ಜಾರಿಗೆ ಬಂದಿತು.

ಇನ್ನು ಭೂಸುಧಾರಣೆ. ಜತ್ತಿ ಸಮಿತಿಯ ವರದಿಯನ್ನು ಆಧರಿಸಿದ ಮಸೂದೆ ಶಾಸನಸಭೆಯಲ್ಲಿ ದೀರ್ಘ ಚರ್ಚೆಗೆ ಒಳಗಾಯಿತು. ಆಗ ಸಭಾಧ್ಯಕ್ಷ ಪೀಠದಲ್ಲಿದ್ದವರು ಹುನಗುಂದದ ಎಸ್.ಆರ್. ಕಂಠಿಯವರು. ಕೊನೆಗೆ ಅಂಗೀಕಾರವಾದ ಮೈಸೂರು ಭೂಸುಧಾರಣಾ ಕಾನೂನು, 1961, ರಾಷ್ಟ್ರಪತಿಗಳ ಒಪ್ಪಿಗೆ ಪಡೆದದ್ದು 1962ರ ಮಾರ್ಚ್‌ನಲ್ಲಿ, ಜತ್ತಿಯವರು ಮುಖ್ಯಮಂತ್ರಿ ಪದವಿಯಿಂದ ಇಳಿಯುವ ಹೊತ್ತಿಗೆ. ಕುಟುಂಬವೊಂದಕ್ಕೆ 27 ಪ್ರಮಾಣಿತ ಎಕರೆಯ ಮಿತಿ, ಗೇಣಿಗೆ ಕಟ್ಟುಪಾಡು, ಗೇಣಿದಾರನಿಗೆ ಭದ್ರತೆ ಇದರ ಮುಖ್ಯ ಅಂಶಗಳು. ಇದರಲ್ಲಿ ದೌರ್ಬಲ್ಯಗಳೂ ಇದ್ದವೆಂಬುದನ್ನು ಮರೆಮಾಚುವುದು ಸರಿಯಲ್ಲ. ಸ್ವಂತ ಸಾಗುವಳಿಗೆಂದು ಹೇಳಿ ಒಡೆಯನು ಗೇಣಿ ಭೂಮಿಯ ಒಂದು ಭಾಗವನ್ನು ಹಿಂಪಡೆಯಲು ಅವಕಾಶ ಉಳಿಯಿತು. ಕಾನೂನು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಆ ಮೂರೂವರೆ ವರ್ಷಗಳ ಅವಧಿಯಲ್ಲಿ ಭೂಮಿಯನ್ನು ಮನೆಮಂದಿಯ ಹೆಸರಿಗೆ ಹಂಚಿಕೊಳ್ಳಲು, ಒಕ್ಕಲನ್ನು ಎಬ್ಬಿಸಲು ಬಲ್ಲವರಿಗೆ ಸಾಕಷ್ಟು ಸಮಯ ದೊರೆಯಿತು. ಉಳುವವನಿಗೆ ಭೂಮಿ ನಿಜವಾಗಿ ಸಂದದ್ದು ದೇವರಾಜ ಅರಸರು 1974ರ ಮಾರ್ಚ್ 1ರಿಂದ ಜಾರಿಗೆ ತಂದ ತಿದ್ದುಪಡಿ ಹಾಗೂ ಭೂನ್ಯಾಯ ಮಂಡಳಿಗಳ ಮೂಲಕ. ಆದರೆ ಅರಸರು ತಿದ್ದಿದ್ದು ಇದೇ ಕಾನೂನನ್ನು. ಐದು ಭಾಗಗಳ ಐದು ಪದ್ಧತಿಗಳನ್ನು ಒಂದೇ ಗ್ರಂಥಕ್ಕೆ ತಂದು ಅಡಿಪಾಯ ಹಾಕಿದವರನ್ನು ಮರೆತು ಗೋಪುರವನ್ನಷ್ಟೇ ನೋಡುವುದು ನಮ್ಮ ಇತಿಹಾಸ ಬರವಣಿಗೆಯಲ್ಲಿ ರೂಢಿಯಾಗಿದೆ.

ಜತ್ತಿಯವರ ಕಾಲದಲ್ಲಿಯೇ ಬೇರೆ ಎರಡು ಕಠಿಣ ಪ್ರಶ್ನೆಗಳು ತಲೆಯೆತ್ತಿದವು. 1960ರ ಜನವರಿಯಲ್ಲಿ ಸರಕಾರವು ಹಿಂದುಳಿದ ವರ್ಗಗಳನ್ನು ಗುರುತಿಸಲು ಡಾ. ಆರ್. ನಾಗನಗೌಡರ ಸಮಿತಿಯನ್ನು ನೇಮಿಸಿತು. ಲಿಂಗಾಯತರನ್ನು ಯಾವ ಪಟ್ಟಿಯಲ್ಲಿಡಬೇಕೆಂಬ ವಿವಾದ ಆಗ ಎದ್ದದ್ದು ಇಂದಿಗೂ ಪೂರ್ಣ ತಣಿದಿಲ್ಲ. ಅದೇ ವರ್ಷದ ಮೇ 1ರಂದು ಮಹಾರಾಷ್ಟ್ರ ರಾಜ್ಯ ಉದಯಿಸಿ ಬೆಳಗಾವಿ ಗಡಿಯ ಬೇಡಿಕೆ ಬಿರುಸಾಯಿತು. ಎರಡೂ ರಾಜ್ಯಗಳ ಪ್ರತಿನಿಧಿಗಳಿದ್ದ ನಾಲ್ವರ ಸಮಿತಿ ರಚನೆಯಾಯಿತಾದರೂ ಒಮ್ಮತ ಮೂಡಲಿಲ್ಲ. ಆ ಕಥೆ ಮುಂದೆ ಮಹಾಜನ ಆಯೋಗದವರೆಗೆ ಹೋದದ್ದು ಎಲ್ಲರಿಗೂ ತಿಳಿದಿದೆ.

1962ರ ಚುನಾವಣೆಯಲ್ಲಿ ಜತ್ತಿಯವರು ಜಮಖಂಡಿಯಿಂದ ಮತ್ತೆ ಗೆದ್ದರು. ಕಾಂಗ್ರೆಸ್ಸಿಗೆ ಬಹುಮತವೂ ಬಂದಿತು. ಆದರೆ ಪಕ್ಷದೊಳಗಿನ ಒಲವು ನಿಜಲಿಂಗಪ್ಪನವರ ಕಡೆಗಿತ್ತು. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಿದ್ದರಿಂದ ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಗೆದ್ದು ಬರುವವರೆಗೆ, ಜೂನ್ 20ರ ತನಕ, ಆಡಳಿತ ನಡೆಸಿ ಸ್ಥಾನ ಬಿಟ್ಟುಕೊಟ್ಟರು. ರಾಮಾಯಣದ ಭರತನನ್ನು ಅನೇಕರು ಆಗ ನೆನೆದರು, ಅದು ಯೋಗ್ಯವೇ. ಅದೇ ಬೇಸಗೆಯಲ್ಲಿ ಜತ್ತಿಯವರು ತೋರಿದ ನಡತೆಯ ಕಡೆಗೆ ಗಮನ ಹರಿದದ್ದು ಕಡಿಮೆ. ತಮ್ಮ ಕುರ್ಚಿಯನ್ನು ಕಳೆದುಕೊಂಡು ನಾಲ್ಕು ತಿಂಗಳೂ ಆಗಿರಲಿಲ್ಲ. ಆ ಕುರ್ಚಿಯಲ್ಲಿ ಕುಳಿತವರ ಕೈಕೆಳಗೆ ಹಣಕಾಸು ಮಂತ್ರಿಯಾಗಲು 1962ರ ಜುಲೈ 2ರಂದು ಅವರು ಒಪ್ಪಿಕೊಂಡರು. ಕಂಠಿಯವರೂ ಅದೇ ಸಂಪುಟದಲ್ಲಿ ಶಿಕ್ಷಣ ಖಾತೆ ವಹಿಸಿದರು. ಇಬ್ಬರು ಮಾಜಿ ಮುಖ್ಯಮಂತ್ರಿಗಳು ಮೂರನೆಯವರ ಸಂಪುಟದಲ್ಲಿ ಕುಳಿತು ಫೈಲು ನೋಡಿದರು. ಮೂವರೂ ಲಿಂಗಾಯತರು, ಮೂವರೂ ವಕೀಲಿ ಓದಿದವರು. ಇಂದಿನ ರಾಜಕೀಯದಲ್ಲಿ ಇಂಥ ದೃಶ್ಯವನ್ನು ಊಹಿಸಿಕೊಳ್ಳುವುದೂ ಕಷ್ಟ. ಮಾನಾಪಮಾನದ ಲೆಕ್ಕವನ್ನು ಬದಿಗಿಟ್ಟರೆ ಮಾತ್ರ ಸಾಧ್ಯವಾಗುವ ನಡೆ ಇದು. ಕೆಲವರು ಇದನ್ನು ದುರ್ಬಲತೆ ಎಂದರು. 1965ರಲ್ಲಿ ಜತ್ತಿಯವರಿಗೆ ಆಹಾರ ಖಾತೆ ಬಂದಿತು. ದೇಶವಿಡೀ ಬರದಿಂದ ತತ್ತರಿಸಿದ ವರ್ಷವದು.

ರಾಜಕೀಯದ ಈ ಏರಿಳಿತದ ನಡುವೆಯೇ, 1964ರಲ್ಲಿ, ಜತ್ತಿಯವರು ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. ನಮ್ಮ ಸಮಾಜಕ್ಕೆ ಅವರ ಹೆಸರು ಇಂದಿಗೂ ಪರಿಚಿತವಾಗಿರುವುದು ಬಹುಮಟ್ಟಿಗೆ ಇದರಿಂದ. ವಚನಗಳು ಕನ್ನಡಿಗರ ಮನೆಯೊಳಗಷ್ಟೇ ಉಳಿಯಬಾರದು, ಅನ್ಯ ಭಾಷೆಯವರ ಕೈಗೂ ಸೇರಬೇಕೆಂಬುದು ಅವರ ಹಂಬಲವಾಗಿತ್ತು. ಶರಣ ಸಾಹಿತ್ಯದ ಪ್ರಕಟಣೆ, ಬಸವ ಪಥ ಪತ್ರಿಕೆ, ಉಪನ್ಯಾಸ, ಗೋಷ್ಠಿಗಳು ಅವರ ಆಸ್ಥೆಯಿಂದ ನಡೆದು ಬಂದವು. ಅವರ ನಂತರ ಸಮಿತಿಯು ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ವಚನಗಳನ್ನು ಭಾರತದ ಅನೇಕ ಭಾಷೆಗಳಿಗೆ ಅನುವಾದಿಸಿ ಹೊರತಂದಿತು. ಅಧಿಕಾರದಲ್ಲಿದ್ದಾಗ ಸಂಸ್ಥೆ ಕಟ್ಟುವವರು ಹಲವರು; ಅಧಿಕಾರ ಹೋದ ಮೇಲೂ ಅದಕ್ಕಾಗಿ ದುಡಿಯುವವರು ಕೆಲವರೇ. ಜತ್ತಿಯವರು ಉಪರಾಷ್ಟ್ರಪತಿ ಸ್ಥಾನದಿಂದ ಇಳಿದು ಬಂದ ನಂತರ ತಮ್ಮ ವೇಳೆಯನ್ನು ಹೆಚ್ಚಾಗಿ ಸಮಿತಿಗೇ ಮೀಸಲಿಟ್ಟರು.

1968ರಲ್ಲಿ ಪಾಂಡಿಚೇರಿಯ ಉಪರಾಜ್ಯಪಾಲರಾಗಿ ನೇಮಕಗೊಂಡಲ್ಲಿಗೆ ಅವರ ಶಾಸಕ ಜೀವನ ಮುಗಿಯಿತು. 1972ರ ನವೆಂಬರ್‌ನಲ್ಲಿ ಒಡಿಶಾದ ರಾಜ್ಯಪಾಲರಾದರು. ಅಲ್ಲಿಯ ಒಂದು ಪ್ರಸಂಗವನ್ನು ಬಿಡುವಂತಿಲ್ಲ. 1973ರ ಮಾರ್ಚ್‌ನಲ್ಲಿ ನಂದಿನಿ ಸತ್ಪಥಿಯವರ ಸರಕಾರ ಬಹುಮತ ಕಳೆದುಕೊಂಡು ರಾಜೀನಾಮೆಯಿತ್ತಿತು. ತಮ್ಮ ಪಾಳಯಕ್ಕೆ ಬಹುಮತವಿದೆಯೆಂದು ಬಿಜು ಪಟ್ನಾಯಕರು ಮುಂದೆ ಬಂದರು. ರಾಜ್ಯಪಾಲರು ಅದನ್ನು ಒಪ್ಪದೆ ವಿಧಾನಸಭೆಯ ವಿಸರ್ಜನೆಗೆ ಶಿಫಾರಸು ಮಾಡಿದರು. ರಾಷ್ಟ್ರಪತಿ ಆಡಳಿತ ಬಂದಿತು. ಈ ತೀರ್ಮಾನ ಅಂದು ತೀವ್ರ ಟೀಕೆಗೆ ಗುರಿಯಾಯಿತು, ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಸ್ವತಃ ದೀರ್ಘಕಾಲ ಶಾಸಕರಾಗಿದ್ದವರು ಸದನದಲ್ಲಿ ಬಲ ಪರೀಕ್ಷೆಗೆ ಅವಕಾಶ ಕೊಡಬೇಕಾಗಿತ್ತೆಂಬ ಮಾತಿನಲ್ಲಿ ಹುರುಳಿದೆ.

1974ರ ಆಗಸ್ಟ್ 31ರಂದು ಜತ್ತಿಯವರು ಭಾರತದ ಉಪರಾಷ್ಟ್ರಪತಿಯಾದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ನಿಧನರಾದಾಗ ಹಂಗಾಮಿ ರಾಷ್ಟ್ರಪತಿಯ ಹೊಣೆ ಅವರ ಮೇಲೆ ಬಿದ್ದಿತು. ತುರ್ತುಪರಿಸ್ಥಿತಿ ಇನ್ನೂ ತೆರವಾಗಿರಲಿಲ್ಲ, ಚುನಾವಣೆ ಎದುರಿಗಿತ್ತು. ಮಾರ್ಚ್‌ನಲ್ಲಿ ಜನತಾ ಪಕ್ಷ ಗೆದ್ದಿತು. ಮಾರ್ಚ್ 24ರಂದು ಹೊಸ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದವರು ಜತ್ತಿಯವರು. ಸ್ವೀಕರಿಸಿದವರು ಮೊರಾರ್ಜಿ ದೇಸಾಯಿ. ಇಪ್ಪತ್ತೈದು ವರ್ಷಗಳ ಹಿಂದೆ ಮುಂಬಯಿಯಲ್ಲಿ ದೇಸಾಯಿಯವರು ಮುಖ್ಯಮಂತ್ರಿ, ಜತ್ತಿಯವರು ಅವರ ಉಪಮಂತ್ರಿ.

ಏಪ್ರಿಲ್‌ನಲ್ಲಿ ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಕೇಂದ್ರ ಸರಕಾರ ನಿರ್ಧರಿಸಿತು. ಲೋಕಸಭೆಯಲ್ಲಿ ಆ ರಾಜ್ಯಗಳ ಜನರು ಕಾಂಗ್ರೆಸ್ಸನ್ನು ತಿರಸ್ಕರಿಸಿದ್ದಾರೆ, ಆದ್ದರಿಂದ ಹೊಸ ಜನಾದೇಶ ಬೇಕು ಎಂಬುದು ವಾದ. ರಾಜ್ಯಗಳ ಅರ್ಜಿಗಳನ್ನು ಸುಪ್ರೀಂ ಕೋರ್ಟು ಏಪ್ರಿಲ್ 29ರಂದು ತಳ್ಳಿಹಾಕಿತು. ಸಂಪುಟದ ಸಲಹೆ ರಾಷ್ಟ್ರಪತಿ ಭವನ ತಲುಪಿತು. ಜತ್ತಿಯವರು ಕೂಡಲೇ ಸಹಿ ಮಾಡಲಿಲ್ಲ. ದೆಹಲಿಯಲ್ಲಿ ಗದ್ದಲವೆದ್ದಿತು, ಅವರ ವಿರುದ್ಧ ಪ್ರದರ್ಶನಗಳು ನಡೆದವು. ಕಾಂಗ್ರೆಸ್ಸಿನ ಮೇಲಿನ ನಿಷ್ಠೆಯೇ ಕಾರಣವೆಂದು ವಿರೋಧಿಗಳು ಆಡಿಕೊಂಡರು. ಹಾಗೆ ಸುಲಭವಾಗಿ ತೀರ್ಪು ಕೊಡುವುದು ಉಚಿತವೆನಿಸದು. ಒಡಿಶಾದಲ್ಲಿ ಒಂದು ಸಭೆಯ ವಿಸರ್ಜನೆಗೆ ಶಿಫಾರಸು ಬರೆದ ಕೈಗೆ ಈಗ ಒಂಬತ್ತು ಸಭೆಗಳ ಕಾಗದ ಬಂದಿತ್ತು. ಆ ಒಂಬತ್ತರಲ್ಲಿ ಒಡಿಶಾವೂ ಒಂದಾಗಿತ್ತು. ಜಮಖಂಡಿಯ ಪುರಸಭೆಯಿಂದ ತೊಡಗಿ ಚುನಾಯಿತ ಸಭೆಗಳಲ್ಲಿಯೇ ಬೆಳೆದವರಿಗೆ ಅದರ ತೂಕ ತಿಳಿಯದೆ ಇರಲು ಸಾಧ್ಯವಿಲ್ಲ. ಆದರೆ ಸಂವಿಧಾನದ 42ನೆಯ ತಿದ್ದುಪಡಿಯ ನಂತರ ಮಂತ್ರಿಮಂಡಲದ ಸಲಹೆಯಂತೆ ನಡೆಯುವುದು ರಾಷ್ಟ್ರಪತಿಗೆ ಕಡ್ಡಾಯವಾಗಿತ್ತು. ಏಪ್ರಿಲ್ 30ರಂದು ಅವರು ಸಹಿ ಹಾಕಿದರು. ತಡೆದದ್ದಕ್ಕೆ ಒಂದು ಪಕ್ಷ ಬೈದಿತು, ಒಪ್ಪಿದ್ದಕ್ಕೆ ಇನ್ನೊಂದು ಪಕ್ಷ ನಿರಾಶೆಗೊಂಡಿತು.

1977ರ ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದರು. ಜತ್ತಿಯವರು ಉಪರಾಷ್ಟ್ರಪತಿ ಸ್ಥಾನಕ್ಕೆ ಮರಳಿ, ರಾಜ್ಯಸಭೆಯ ಸಭಾಪತಿಯಾಗಿ 1979ರ ಆಗಸ್ಟ್‌ವರೆಗೆ ಅವಧಿ ಪೂರೈಸಿದರು. ಅನಂತರ ಬೆಂಗಳೂರಿನಲ್ಲಿ ನೆಲೆಸಿ, ಇಂಗ್ಲಿಷಿನಲ್ಲಿ ಆತ್ಮಕಥೆ ಬರೆದರು. ಬಸವ ಸಮಿತಿಯ ಕಾರ್ಯವನ್ನು ಮುಂದುವರಿಸಿದರು. ಹಿಡಕಲ್ ಜಲಾಶಯದಲ್ಲಿ ನಿಂತ ನೀರು ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಗಳನ್ನು ಹಾಯ್ದು ಜಮಖಂಡಿ, ಮುಧೋಳದ ಕಡೆಗೆ ಹರಿಯತೊಡಗಿದ್ದು, ಗೇಣಿದಾರರು ಭೂನ್ಯಾಯ ಮಂಡಳಿಗಳಿಂದ ಹಕ್ಕುಪತ್ರ ಪಡೆದು ಆ ನೀರನ್ನು ತಮ್ಮವೇ ಆದ ಹೊಲಗಳಿಗೆ ತಿರುಗಿಸಿಕೊಂಡದ್ದು, ಎಲ್ಲವನ್ನೂ ಅವರು ಬದುಕಿದ್ದಾಗಲೇ ಕಂಡರು. 2002ರ ಜೂನ್ 7ರಂದು ಬೆಂಗಳೂರಿನಲ್ಲಿ ಲಿಂಗೈಕ್ಯರಾದರು. ಆಗ ಅವರಿಗೆ 89 ವರ್ಷ.